ಹೇಮಾವತಿ ಎಂಬವರು ಇಲ್ಲಿ ಯಾರೂ ಇಲ್ಲ

ಪೂರ್ತಿ ಕೆಟ್ಟುಹೋದ ವಸ್ತುವಿನ ಮೇಲೆ ನನಗೆ ಗೌರವವಿದೆ. ಅದು ತನ್ನ ಸ್ಥಿತಿಯನ್ನು ಮುಚ್ಚಿಡುವುದಿಲ್ಲ. ರಿಪೇರಿಯವನ ಮುಂದೆಯೂ ಕೆಟ್ಟೇ ಇರುತ್ತದೆ. ಆದರೆ ಆಗಾಗ ಮಾತ್ರ ಕೆಡುವುದಿದೆಯಲ್ಲ, ಅದರ ಸಹವಾಸ ಶತ್ರುವಿಗೂ ಬೇಡ. ನಾಲ್ಕು ಜನ ಸೇರಿ ಪರೀಕ್ಷೆ ಮಾಡುವಾಗ ಸಭ್ಯವಾಗಿ ಕೆಲಸ ಮಾಡುತ್ತದೆ. ಅವರು ಗೇಟು ದಾಟಿದರೋ ಇಲ್ಲವೋ, ತನ್ನ ಬುದ್ಧಿ ತೋರಿಸುತ್ತದೆ. ಆಮೇಲೆ ಜನ ಅನುಮಾನಿಸುವುದು ವಸ್ತುವನ್ನಲ್ಲ, ದೂರು ಕೊಟ್ಟವನನ್ನು.

ನಮ್ಮ ಆಫೀಸಿನ ಸರ್ವರ್‌ಗೆ ಬಂದದ್ದು ಈ ಎರಡನೆಯ ಜಾತಿಯ ಕಾಯಿಲೆ.

ಆಫೀಸು ಇರುವುದು ಯಶವಂತಪುರದಲ್ಲಿ, ಎಪಿಎಂಸಿ ಯಾರ್ಡಿಗೆ ಬೆನ್ನು ಕೊಟ್ಟು ನಿಂತ ಹಳೆಯ ಕಟ್ಟಡದಲ್ಲಿ. ಮುಂದಿನ ಬಾಗಿಲಿನಲ್ಲಿ ಪಂಪು, ವಾಲ್ವು, ಗ್ಯಾಸ್ಕೆಟ್‌ಗಳ ವ್ಯಾಪಾರ. ಹಿಂದಿನ ಕಿಟಕಿಯಲ್ಲಿ ಈರುಳ್ಳಿಯ ವಾಸನೆ. ನಾನು ಖರೀದಿ ವಿಭಾಗದವನು. ಹಿಂದೊಮ್ಮೆ ಎಲ್ಲರೂ ನೋಡುತ್ತಿರುವಾಗ ಪ್ರಿಂಟರಿನ ವೈರು ಕಿತ್ತು ಮತ್ತೆ ಚುಚ್ಚಿ ಅದಕ್ಕೆ ಜೀವ ಬರಿಸಿದ್ದರಿಂದ, ಸಂಬಳದಲ್ಲಿ ಯಾವ ವ್ಯತ್ಯಾಸವೂ ಆಗದೆ, ಕಂಪ್ಯೂಟರುಗಳ ಉಸ್ತುವಾರಿಯೂ ನನ್ನ ಪಾಲಿಗೆ ಬಂದಿದೆ.

ನಮ್ಮಲ್ಲಿ ಯಂತ್ರಗಳಿಗೆಲ್ಲ ನದಿಗಳ ಹೆಸರು. ಇಟ್ಟವರು ನಮ್ಮ ಹಳೆಯ ಸಿಸ್ಟಂ ಸಾಹೇಬರು. ಜಲಹಳ್ಳಿ ಕಡೆಯ ಕಾರ್ಖಾನೆಯೊಂದರಿಂದ ವಿಆರ್‌ಎಸ್ ತೆಗೆದುಕೊಂಡು ಬಂದು, ಈ ಕಟ್ಟಡದಲ್ಲಿ ಮೊದಲ ನೆಟ್‌ವರ್ಕ್ ಕೇಬಲ್ ಎಳೆದು, ಈಗ ಇಲ್ಲಿಂದಲೂ ನಿವೃತ್ತರಾದವರು. ಬಿಲ್ಲಿಂಗ್ ಸರ್ವರ್ ಕಾವೇರಿ. ಸ್ಟಾಕಿನ ಲೆಕ್ಕ ಇಟ್ಟುಕೊಂಡಿರುವುದು ಹೇಮಾವತಿ. ಪ್ರಿಂಟರಿಗೆ ವೃಷಭಾವತಿ ಎಂದು ಇಟ್ಟದ್ದೇಕೆ ಎಂದು ಅವರು ಹೇಳಲಿಲ್ಲ, ಅದರ ಇಂಕು ನೋಡಿದ ಯಾರೂ ಕೇಳಲಿಲ್ಲ. ಹಿಂದುಗಡೆ ಸ್ಟೋರ್ಸ್ ರೂಮಿನ ಮೂಲೆಯ ಮೇಜಿನಡಿ ಕೂತಿರುವ ಹಳೆಯ ಡಬ್ಬಿ ಅರ್ಕಾವತಿ. ನಿಜವಾದ ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟದ ಕೆರೆ ತುಂಬಿ, 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಕುಡಿಸಿದವಳು. ನಗರ ಆಮೇಲೆ ಕಾವೇರಿಯನ್ನು ನೆಚ್ಚಿಕೊಂಡು ಇವಳನ್ನು ಮರೆಯಿತು. ನಮ್ಮ ಅರ್ಕಾವತಿಯನ್ನೂ ಎಲ್ಲರೂ ಮರೆತಿದ್ದರು. ಅವಳಿಗಿದ್ದದ್ದು ಒಂದೇ ಕೆಲಸ: ‘ಹೇಮಾವತಿ ಎಲ್ಲಿ?’ ಎಂದು ಯಾರಾದರೂ ಕೇಳಿದರೆ ವಿಳಾಸದ ನಂಬರು ಹೇಳುವುದು. ಯಂತ್ರಗಳಿಗೆ ಹೆಸರು ಬೇಕಿಲ್ಲ, ಅಂಕಿ ಬೇಕು. ಮನುಷ್ಯರಿಗೆ ಅಂಕಿ ನೆನಪಿರದು, ಹೆಸರು ಬೇಕು. ಇಬ್ಬರ ನಡುವೆ ನಿಂತು ಹೆಸರಿಗೆ ಅಂಕಿ ಹುಡುಕಿಕೊಡುವ ಏರ್ಪಾಟಿಗೆ ಡಿಎನ್‌ಎಸ್ ಎನ್ನುತ್ತಾರೆ.

ತೊಂದರೆ ಶುರುವಾದದ್ದು ಒಂದು ಬೆಳಿಗ್ಗೆ, ಕೌಂಟರಿನಲ್ಲಿ ಜನ ಇರುವ ಹೊತ್ತಿಗೆ. ಅಕೌಂಟ್ಸ್ ಮೇಡಂ ಕೂತಲ್ಲಿಂದಲೇ ಕೂಗಿದರು:

“ಸಾರ್, ಹೇಮಾವತಿ ಸಿಕ್ತಾ ಇಲ್ಲ! ಅಂಥವರು ಇಲ್ವೇ ಇಲ್ಲ ಅಂತಿದೆ.”

“ಈಗ ತಾನೇ ಇದ್ಳಲ್ಲ ಮೇಡಂ?”

“ಇದ್ಳು. ಈಗ ಇಲ್ಲ.”

ವಾಲ್ವು ಕೊಳ್ಳಲು ಬಂದಿದ್ದ ಹಿರಿಯರೊಬ್ಬರು ಗಾಬರಿಯಿಂದ, “ಪೊಲೀಸ್ ಕಂಪ್ಲೇಂಟ್ ಕೊಟ್ರಾ?” ಎಂದು ಕೇಳಿದರು.

ಕೊಡಬೇಕಾಗಿ ಬರಲಿಲ್ಲ. ಅವರಿಗೆ ಸಮಾಧಾನ ಹೇಳುವಷ್ಟರಲ್ಲಿ ಹೇಮಾವತಿ ಸಿಕ್ಕಿದ್ದಳು. ಊಟದ ಹೊತ್ತಿಗೆ ಮತ್ತೆ ಕಾಣೆ. ಮರುದಿನ ಬೆಳಿಗ್ಗೆ ಇನ್ನೂ ಜೋರು. ಕಾವೇರಿ, ಹೇಮಾವತಿ ಇಬ್ಬರೂ ಒಂದೇ ರ್‍ಯಾಕ್‌ನಲ್ಲಿ ಮೈಗೆ ಮೈ ತಾಗಿಸಿ ಕೂತಿದ್ದಾರೆ. ಭೂಗೋಳದಲ್ಲಾದರೆ ಸಕಲೇಶಪುರದಿಂದ ಬಳಸಿಕೊಂಡು ಬರುವ ಹೇಮಾವತಿ ಕನ್ನಂಬಾಡಿ ಹಿನ್ನೀರಿನ ಬಳಿ ತಪ್ಪದೆ ಕಾವೇರಿಯನ್ನು ಸೇರುತ್ತಾಳೆ. ಇಲ್ಲಿ ಒಂದು ಗೇಣಿನ ದೂರದಲ್ಲಿದ್ದೂ ಸೇರಲಾರಳು. ವಿಚಿತ್ರವೆಂದರೆ ಅದೇ ಕಾವೇರಿಗೆ ಹೊರಗಿನ ಜಗತ್ತಿನಲ್ಲಿ ಸಿಗದವರೇ ಇಲ್ಲ. 5 ಕೋಟಿ ಮೀರಿದ ವಹಿವಾಟಿಗೆಲ್ಲ 2023ರ ಆಗಸ್ಟಿನಿಂದ ಇ-ಇನ್‌ವಾಯ್ಸ್ ಕಡ್ಡಾಯ ಆದಾಗಿನಿಂದ ಅದು ಹೊತ್ತುಹೊತ್ತಿಗೆ ಸರ್ಕಾರದ ಪೋರ್ಟಲ್ ಹುಡುಕಿಕೊಂಡು ಹೋಗಬೇಕು. ತುಸು ತಡವಾದರೂ ಅದು ಸಿಗುತ್ತಿತ್ತು. ಜರ್ಮನಿಯ ಪಂಪ್ ತಯಾರಕರು ಸಿಗುತ್ತಿದ್ದರು. ಪಕ್ಕದವಳು ಮಾತ್ರ ಸಿಗುತ್ತಿರಲಿಲ್ಲ. ಅಪಾರ್ಟ್‌ಮೆಂಟಿನಲ್ಲಿರುವ ನಮ್ಮ ಮ್ಯಾನೇಜರಿಗೆ ಇದರಲ್ಲಿ ಅಸಹಜವಾದದ್ದೇನೂ ಕಾಣಲಿಲ್ಲ.

ಸಲಹೆಗಳಿಗೆ ಬರವಿರಲಿಲ್ಲ. ಮ್ಯಾನೇಜರು ರೀಸ್ಟಾರ್ಟ್ ಪಕ್ಷ. ಅವರ ಪಕ್ಷಕ್ಕೆ ಆಧಾರವೂ ಇದೆ: ಒಮ್ಮೆ ‘ಅಂಥ ಹೆಸರಿಲ್ಲ’ ಎಂಬ ಉತ್ತರ ಬಂದರೆ ಆ ಇಲ್ಲವನ್ನೂ ಕೆಲಹೊತ್ತು ನೆನಪಿಟ್ಟುಕೊಳ್ಳುವ ಕ್ರಮವನ್ನು 1998ರಲ್ಲಿ ಬಿಗಿ ಮಾಡಿದ್ದಾರೆ. ಹೀಗಾಗಿ ಹೇಮಾವತಿ ಬಂದು ಕೂತ ಮೇಲೂ ಮೇಜಿನ ಮೇಲಿನ ಪಿಸಿಗಳು ಇಲ್ಲ ಇಲ್ಲ ಎನ್ನುತ್ತಲೇ ಇರುತ್ತವೆ. ರೀಸ್ಟಾರ್ಟ್ ಮಾಡಿದರೆ ಆ ಕೊಂಕು ಮರೆತುಹೋಗುತ್ತದೆ. ಸ್ಟೋರ್ಸಿನವರು ಆಯುಧಪೂಜೆಯ ಕುಂಕುಮ ಹಳೆಯದಾಗಿದೆ ಎಂದರು. ಡಿಸ್ಪ್ಯಾಚ್ ಹುಡುಗ ಹೆಸರಿನ ಸ್ಪೆಲ್ಲಿಂಗನ್ನೇ ಅನುಮಾನಿಸಿದ. ಅವನ ಅನುಮಾನ ತೀರ ಸುಳ್ಳಲ್ಲ. ನಮ್ಮ ಕಡೆಯವರು ‘ತಿ’ ಬರೆಯಲು ಟಿ ಆದ ಮೇಲೆ ಎಚ್ ಸೇರಿಸುತ್ತೇವೆ, ಬೇರೆ ಕಡೆಯಿಂದ ಬಂದವರು ಸೇರಿಸುವುದಿಲ್ಲ. ಯಶವಂತಪುರವನ್ನೇ ರೈಲ್ವೆಯವರು ಒಂದು ಬಗೆಯಲ್ಲಿ, ಬಸ್ಸಿನವರು ಇನ್ನೊಂದು ಬಗೆಯಲ್ಲಿ ಬರೆಯುತ್ತಾರಲ್ಲ. ಆದರೆ ಸಾಹೇಬರು ಇದನ್ನು ಮೊದಲೇ ಊಹಿಸಿ, ಎಚ್ ಇದ್ದ ಹೇಮಾವತಿಗೂ ಇಲ್ಲದ ಹೇಮಾವತಿಗೂ ಒಂದೇ ವಿಳಾಸ ಬರೆದಿಟ್ಟಿದ್ದರು. ಈಗ ‘.ಭಾರತ’ ಎಂದು ಕನ್ನಡ ಲಿಪಿಯಲ್ಲೇ ಜಾಲತಾಣದ ವಿಳಾಸ ಬರೆಯಬಹುದು. ಅಲ್ಲಿ ಈ ಎಚ್ಚಿನ ಜಗಳವೇ ಇಲ್ಲ ಎಂದು ನಾನು ಹುಡುಗನಿಗೆ ಹೇಳಿದೆ. ಅವನು ಅದರ ಒಳಗುಟ್ಟು ಬಲ್ಲ: “ಒಳಗಡೆ ಅದನ್ನೂ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸ್ಕೊಳ್ಳುತ್ತೆ ಸಾರ್, ಎಕ್ಸ್ ಎನ್ ಅಂತ ಮುಂದೆ ಹಾಕ್ಕೊಂಡು.”

ಹೊರಗಿನಿಂದ ಕರೆಸಿದ ತಂತ್ರಜ್ಞನೊಬ್ಬ ಎಲ್ಲರಿಗಿಂತ ಸುಲಭದ ದಾರಿ ಹೇಳಿದ: ಹೆಸರು ಕೇಳುವ ಉಸಾಬರಿಯೇ ಬೇಡ, ಪ್ರತಿ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ ಹೇಮಾವತಿಯ ನಂಬರು ಬರೆದುಬಿಡಿ. ತೆರೆದು ನೋಡಿದರೆ, ಈ ಉಪಾಯ ಹಿಂದೆ ಬಂದವರಿಗೂ ಹೊಳೆದಿತ್ತು. ಕೆಲವು ಪಿಸಿಗಳಲ್ಲಿ ಹೇಮಾವತಿಯ ಹಳೆಯ ನಂಬರು, ಅದಕ್ಕೂ ಹಳೆಯ ನಂಬರು, ಗುಜರಿಗೆ ಹೋಗಿ ವರ್ಷಗಳಾದ ನೇತ್ರಾವತಿಯ ನಂಬರು. ಬೆಂಗಳೂರಿನ ಮನೆಗಳ ಗೇಟಿನ ಮೇಲೆ ಹಳೇ ನಂಬರು, ಹೊಸ ನಂಬರು ಎರಡೂ ಉಳಿದುಕೊಂಡು ಅಂಚೆಯಣ್ಣನನ್ನು ಕಾಡುವ ಹಾಗೆ.

ಒಂದು ಕಾಲಕ್ಕೆ ಇಡೀ ಇಂಟರ್‌ನೆಟ್ಟೇ ಹೀಗೆ ಒಂದು ಫೈಲಿನಲ್ಲಿತ್ತು ಎಂಬುದನ್ನು ನೆನೆದರೆ ನನಗೆ ಏನೋ ಆಪ್ತಭಾವ ಬರುತ್ತದೆ. 1970ರ ದಶಕದ ಅರ್ಪಾನೆಟ್‌ನಲ್ಲಿ ಎಲ್ಲ ಯಂತ್ರಗಳ ಹೆಸರು, ವಿಳಾಸಗಳ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಒಂದು ಕಚೇರಿ ಇಟ್ಟುಕೊಂಡಿತ್ತು. ಅದನ್ನು ನಡೆಸುತ್ತಿದ್ದವರು ಎಲಿಜಬೆತ್ ಫೈನ್ಲರ್. ನಿಮ್ಮಲ್ಲಿ ಹೊಸ ಯಂತ್ರ ಬಂತೇ, ಅವರ ಕಚೇರಿಗೆ ತಿಳಿಸಿ ಹೆಸರು ಬರೆಸಬೇಕು. ಆ ಹೆಸರು ಬೇರೆಯವರದಾಗಿದ್ದರೆ ಅಲ್ಲಿಯವರೇ ಇನ್ನೊಂದು ಯೋಚಿಸಿ ಎನ್ನುವರು. ಮಿಕ್ಕವರೆಲ್ಲ ಆಗಾಗ ಪಟ್ಟಿಯನ್ನು ಇಳಿಸಿಕೊಳ್ಳಬೇಕು. ಎಲ್ಲರೂ ಎಲ್ಲರನ್ನೂ ಬಲ್ಲ ಊರು. ಊರು ಬೆಳೆಯಿತು, ಪಟ್ಟಿ ಹಳತಾಗುವ ವೇಗಕ್ಕೆ ಯಾರೂ ಅದನ್ನು ತಿದ್ದಲಾರದಾದರು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಬೇರೆ ದಾರಿ ಕಟ್ಟಿದರು: ಇಡೀ ಪಟ್ಟಿ ಯಾರ ಹತ್ತಿರವೂ ಇರುವುದು ಬೇಡ. ತುತ್ತತುದಿಯಲ್ಲಿರುವವರಿಗೆ ಯಾರ ಮನೆಯೂ ಗೊತ್ತಿರಬೇಕಾಗಿಲ್ಲ, ಯಾರನ್ನು ಕೇಳಬೇಕು ಎಂದು ಗೊತ್ತಿದ್ದರೆ ಸಾಕು. ಇಂದಿಗೂ ಆ ತುದಿಯಲ್ಲಿ ಎ ಇಂದ ಎಂ ವರೆಗೆ ಹದಿಮೂರು ಹೆಸರಿನ ರೂಟ್ ಸರ್ವರುಗಳಿವೆ. ಅವು ಹೇಳುವುದೆಲ್ಲ ‘ನನಗೆ ಗೊತ್ತಿಲ್ಲ, ಅಲ್ಲಿ ವಿಚಾರಿಸಿ’ ಎಂಬಷ್ಟೇ.

ಹೀಗಿರುವುದರಿಂದಲೇ ಕೆಟ್ಟಾಗಲೂ ದೊಡ್ಡದಾಗಿ ಕೆಡುತ್ತದೆ. 2025ರ ಅಕ್ಟೋಬರ್ 20ರಂದು, ನಮ್ಮಲ್ಲಿ ನರಕ ಚತುರ್ದಶಿಯ ಮಧ್ಯಾಹ್ನ, ಅಮೆಜಾನಿನ ವರ್ಜೀನಿಯಾ ಕೇಂದ್ರದಲ್ಲಿ ವಿಳಾಸ ಬರೆಯುವ ಎರಡು ಸ್ವಯಂಚಾಲಿತ ಪ್ರೋಗ್ರಾಂಗಳು ಒಂದರ ಕಾಲು ಒಂದು ತುಳಿದು, ಡೈನಮೊಡಿಬಿ ಎಂಬ ಡೇಟಾಬೇಸಿನ ಹೆಸರಿನ ಮುಂದೆ ವಿಳಾಸವೇ ಇಲ್ಲದಂತಾಯಿತು. ಡೇಟಾಬೇಸು ನೆಟ್ಟಗಿತ್ತು, ಇರುವುದೆಲ್ಲಿ ಎಂದು ಹೇಳುವವರಿರಲಿಲ್ಲ. ಜಗತ್ತಿನಾದ್ಯಂತ ಆ್ಯಪುಗಳು ಮಕಾಡೆ ಮಲಗಿದವು. ಈ ಸುದ್ದಿ ಹೇಳಿ ಮ್ಯಾನೇಜರನ್ನು ಸಮಾಧಾನ ಮಾಡಲು ನೋಡಿದೆ. ಅವರು, “ಅವರಿಗೆ ಒಂದು ದಿನ ಆಯ್ತು, ನಮ್ಮದು ದಿನಾ ಆಗ್ತಿದೆಯಲ್ಲ?” ಎಂದರು.

ಕೊನೆಗೆ ಸಾಹೇಬರಿಗೆ ಫೋನು ಮಾಡಿದೆ. ಫೋನಿನಲ್ಲಿ ಕಂಪ್ಯೂಟರ್ ಮಾತಾಡುವುದಿಲ್ಲ ಎಂಬುದು ಅವರ ವ್ರತ. “ಭಾನುವಾರ ಮನೆಗೆ ಬಾರಯ್ಯ. ಯಲಹಂಕ ಹಳೇ ಊರು. ಸಂತೆ ಸರ್ಕಲ್ಲಿಗೆ ಬಂದು ಗಿರಣಿ ಹಿಂದಿನ ಬೀದಿ ಅಂತ ಯಾರನ್ನಾದ್ರೂ ಕೇಳು” ಎಂದರು.

ಆರ್.ಟಿ. ನಗರದ ನನ್ನ ಮನೆಯಿಂದ ಯಲಹಂಕ ದೂರವೇನಲ್ಲ. ಹೆಬ್ಬಾಳದ ಮೇಲುಸೇತುವೆಯ ಜಂಜಾಟ ಕಳೆದರೆ ಬಳ್ಳಾರಿ ರಸ್ತೆ ನೇರ. ಹೆಬ್ಬಾಳದಲ್ಲಿ ಬಸ್ಸು ನಿಂತಾಗೆಲ್ಲ ನನಗೆ ಕಿತ್ತಯ್ಯನ ನೆನಪು. ಸುಮಾರು 750ರ ಹೊತ್ತಿನಲ್ಲಿ, ಗಂಗರ ಶ್ರೀಪುರುಷನ ಕಾಲದಲ್ಲಿ, ಈ ನಾಡಿನ ಮೇಲೆ ಬಿದ್ದವರ ವಿರುದ್ಧ ಹೋರಾಡಿ ಸತ್ತವನು. ಅವನ ಕಲ್ಲು 2018ರಲ್ಲಿ ಬೆಳಕಿಗೆ ಬಂತು. ಊರಿನ ಹೆಸರು ಅದರಲ್ಲಿ ಪೆರ್ಬೊಳಲ್ ಎಂದಿದೆ. ಡಿಎನ್‌ಎಸ್‌ನಲ್ಲಿ ಪ್ರತಿ ಹೆಸರಿಗೂ ಆಯುಷ್ಯ ಬರೆದಿರುತ್ತಾರೆ, ಸೆಕೆಂಡುಗಳ ಲೆಕ್ಕದಲ್ಲಿ. ಮುಗಿದ ಮೇಲೆ ಮರೆತು ಹೊಸದಾಗಿ ಕೇಳಿಕೊಳ್ಳಬೇಕು. ಕಲ್ಲು ಕೆತ್ತಿದವನಿಗೆ ಆ ನಿಯಮ ಗೊತ್ತಿರಲಿಲ್ಲ. ಮೆಜೆಸ್ಟಿಕ್ಕಿಗೆ ಟಿಕೆಟ್ ಕೇಳುವ ನಮಗೂ ಗೊತ್ತಿಲ್ಲ: ಆ ಹೆಸರು ಕೊಟ್ಟ ಟಾಕೀಸು ಹೋಗಿ ಎಷ್ಟೋ ಕಾಲವಾಯಿತು, ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ, ಕಂಡಕ್ಟರ್ ಮಾತ್ರ ಇವತ್ತಿಗೂ ಮೆಜೆಸ್ಟಿಕ್ ಎಂದೇ ಚೀಟಿ ಹರಿಯುತ್ತಾನೆ.

ಕೋಗಿಲು ಕ್ರಾಸಿನ ಹತ್ತಿರ ಎಡಕ್ಕೆ ತಿರುಗಿ ಹಳೇ ಊರು ಸೇರಿದೆ. ಗಿರಣಿ ಇರಲಿಲ್ಲ. ಗಿರಣಿ ಇದ್ದಿರಬಹುದಾದ ಜಾಗದಲ್ಲಿ ಐದಂತಸ್ತಿನ ಅಪಾರ್ಟ್‌ಮೆಂಟ್ ಇತ್ತು. ಗೇಟಿನ ಸೆಕ್ಯುರಿಟಿ ಹುಡುಗ ಚುರುಕಾಗಿದ್ದ. ಸಾಹೇಬರ ಹೆಸರು ಹೇಳುತ್ತಿದ್ದಂತೆ ಕೈಯಲ್ಲಿದ್ದ ಟ್ಯಾಬ್‌ನಲ್ಲಿ ಒತ್ತಿ ನೋಡಿ, “ಆ ಹೆಸರಿನವರು ಇಲ್ಲ ಸಾರ್” ಎಂದ. ಅವನ ದನಿಯಲ್ಲಿ ಎಷ್ಟು ಖಚಿತವಿತ್ತೆಂದರೆ, ಸಾಹೇಬರು ನಿಜವಾಗಿ ಇದ್ದರೇ ಎಂದು ನನಗೇ ಕ್ಷಣಕಾಲ ಅನುಮಾನವಾಯಿತು. ಎದುರಿಗೆ ಹೂ ಮಾರುತ್ತಿದ್ದ ಅಮ್ಮನನ್ನು ಕೇಳಿದೆ. ಅವರು ಮೊಳ ಹಾಕುವುದನ್ನು ನಿಲ್ಲಿಸದೆ, “ನಂಗೊತ್ತಿಲ್ಲ ಕಣಪ್ಪ. ಆ ಇಸ್ತ್ರಿ ಅಂಗ್ಡೀಲಿ ಕೇಳು, ಊರೋರ ಬಟ್ಟೆಯೆಲ್ಲ ಅವನ ತಾವಲೇ ಬರೋದು” ಎಂದರು. ಇಸ್ತ್ರಿಯವನಿಗೆ ಹೆಸರು ಗೊತ್ತಿರಲಿಲ್ಲ, ಷರಟು ಗೊತ್ತಿತ್ತು. “ಕಂಪ್ಯೂಟರ್ ಮೇಷ್ಟ್ರಾ? ಜೇಬಲ್ಲಿ ಯಾವಾಗ್ಲೂ ಸ್ಕ್ರೂಡ್ರೈವರ್ ಇರುತ್ತೆ? ಎರಡನೇ ಓಣಿ, ನೀಲಿ ಗೇಟು.”

ಸಾಹೇಬರು ಕಾಫಿ ಕೊಟ್ಟು, ನಾನು ದಾರಿಯ ಕಥೆ ಹೇಳಿದ್ದನ್ನು ಅಷ್ಟೂ ಕೇಳಿ, ಲೋಟ ಕೆಳಗಿಟ್ಟರು.

“ಆ ಸೆಕ್ಯುರಿಟಿ ಹುಡುಗ ಸುಳ್ಳು ಹೇಳ್ಲಿಲ್ಲ. ಅವನ ಪಟ್ಟೀಲಿ ನಾನಿಲ್ಲ, ಅಷ್ಟೆ. ನೀನು ಅವನ ಮಾತು ನಂಬಿ ವಾಪಸ್ ಬಸ್ ಹತ್ತಿದ್ರೆ ಏನಾಗ್ತಿತ್ತು?”

“ನೀವು ಸಿಗ್ತಿರಲಿಲ್ಲ ಸಾರ್.”

“ಕಾವೇರಿಗೆ ಎರಡನೇ ನೇಮ್‌ಸರ್ವರ್ ಯಾರು ಈಗ?”

“ನಾಲ್ಕು ಎಂಟು, ಸಾರ್. ಹೊಸ ಇಂಟರ್‌ನೆಟ್ ಹಾಕೋಕೆ ಬಂದ ಹುಡುಗ, ಬ್ಯಾಕಪ್ ಇರ್ಲಿ ಅಂತ ಸೇರಿಸಿದ್ದ.”

ಅವರು ನನ್ನನ್ನು ನೋಡಿದ ನೋಟದಲ್ಲಿ ಬಯ್ಗುಳಕ್ಕಿಂತ ಕನಿಕರ ಹೆಚ್ಚಿತ್ತು. ನಾಲ್ಕು ಎಂಟರ, ಅಂದರೆ 8.8.8.8 ಎಂಬ ವಿಳಾಸದ, ಆ ಸಾರ್ವಜನಿಕ ಸರ್ವರ್ 2009ರ ಕೊನೆಯಿಂದ ಲೋಕಕ್ಕೆಲ್ಲ ವಿಳಾಸ ಹೇಳುತ್ತಿದೆ. ಆದರೆ ಯಶವಂತಪುರದ ಈರುಳ್ಳಿ ಗೋಡೆಯ ಈಚೆ ಒಬ್ಬಳು ಹೇಮಾವತಿ ಇದ್ದಾಳೆಂದು ಅದಕ್ಕೆ ಯಾರು ಹೇಳಬೇಕು? ಕಾವೇರಿ ಮೊದಲು ಅರ್ಕಾವತಿಯನ್ನು ಕೇಳುತ್ತದೆ. 5 ಸೆಕೆಂಡು ಕಾಯುತ್ತದೆ. ಉತ್ತರವಿಲ್ಲದಿದ್ದರೆ ಎರಡನೆಯವರನ್ನು ಕೇಳುತ್ತದೆ. ಹೊರಗಿನ ಹೆಸರಾದರೆ ಅಲ್ಲಿ ಸಿಕ್ಕೇ ಸಿಗುತ್ತದೆ, 5 ಸೆಕೆಂಡು ತಡವಾಗಿ. ಒಳಗಿನ ಹೆಸರಾದರೆ ಅಲ್ಲಿಂದ ವಿನಯದ, ಖಚಿತವಾದ ಉತ್ತರ: ಹೇಮಾವತಿ ಎಂಬವರು ಇಲ್ಲಿ ಯಾರೂ ಇಲ್ಲ. ಅಲ್ಲಿಗೆ ಕತೆ ಮುಗಿಯಿತು. ಮೌನಕ್ಕಾದರೆ ಇನ್ನೊಬ್ಬರನ್ನು ಕೇಳುವ ಅವಕಾಶವಿದೆ. ಇಲ್ಲ ಎಂಬ ತೀರ್ಪಿಗೆ ಈ ವ್ಯವಸ್ಥೆಯಲ್ಲಿ ಅಪೀಲಿಲ್ಲ. ಕಾವೇರಿ ಹಿಂದಿರುಗಿ ಅರ್ಕಾವತಿಯನ್ನು ಇನ್ನೊಮ್ಮೆ ಕೇಳುವುದಿಲ್ಲ. ಎರಡನೆಯ ಸರ್ವರ್ ಸಹಾಯಕನೆಂದು ನಾವೆಲ್ಲ ತಿಳಿದಿದ್ದೆವು. ಯಂತ್ರದ ಕಣ್ಣಲ್ಲಿ ಇಬ್ಬರೂ ಸಮಾನ ಪಂಡಿತರು.

“ಅದನ್ನ ತೆಗೆದುಬಿಡು. ಹೊರಗಿನ ಹೆಸರನ್ನೂ ಅರ್ಕಾವತಿನೇ ಕೇಳಿ ಹೇಳ್ತಾಳೆ” ಎಂದರು. ಆಮೇಲೆ, ತುಸು ಹೊತ್ತು ಬಿಟ್ಟು, “ಆದ್ರೆ ಅವಳು ಯಾಕಯ್ಯ ಸುಮ್ಮನಾಗ್ತಾಳೆ? ಹಾಗೆ ಸುಮ್ಮನಿರೋಳಲ್ಲ” ಎಂದರು. ಪರಊರಿಗೆ ಕೊಟ್ಟ ಮಗಳನ್ನು ವಿಚಾರಿಸುವ ದನಿ ಅದು.

ಸೋಮವಾರ ಬೆಳಿಗ್ಗೆ, ಡಿಗ್ ಎಂಬ ಆದೇಶ ಕೊಟ್ಟು ಕಾವೇರಿಯಿಂದ ಅರ್ಕಾವತಿಯನ್ನೇ ನೇರವಾಗಿ ಕೇಳತೊಡಗಿದೆವು. ಉತ್ತರ, ಉತ್ತರ, ಮೌನ, ಉತ್ತರ, ಮೌನ, ಮೌನ. ಅರ್ಕಾವತಿಯ ಕಡೆಯಿಂದ ನೋಡಿದರೆ ಅವಳ ತಪ್ಪೇನೂ ಕಾಣದು: ಕೈಗೆ ಬಂದ ಪ್ರಶ್ನೆಗಳಿಗೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರೆದಿದ್ದಳು. ಎಷ್ಟೋ ಪ್ರಶ್ನೆಗಳು ಅವಳನ್ನು ತಲುಪಿಯೇ ಇರಲಿಲ್ಲ, ಕೆಲವು ಉತ್ತರಗಳು ಹಿಂದಿರುಗಿರಲಿಲ್ಲ. ಹೆಸರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಯುಡಿಪಿ ಎಂಬ ದಾರಿಯಲ್ಲಿ ಹೋಗುತ್ತದೆ. ಕಳಿಸಿದ್ದು ಮುಟ್ಟಿತೇ ಎಂದು ಆ ದಾರಿಯಲ್ಲಿ ಯಾರೂ ವಿಚಾರಿಸುವುದಿಲ್ಲ. ಬೇರೆ ಕೆಲಸವಾಗಿದ್ದರೆ ಕಳೆದುಹೋದದ್ದನ್ನು ಕಳಿಸಿದ ಯಂತ್ರವೇ ಮತ್ತೆ ಕಳಿಸಿ, ತುಸು ನಿಧಾನ ಎಂದು ನಾವು ಗೊಣಗಿ ಸುಮ್ಮನಾಗುತ್ತಿದ್ದೆವು. ಆದರೆ ಸ್ಟೋರ್ಸ್ ರೂಮಿಗೆ ಹೋಗುವ ಕೇಬಲ್ಲಿನ ತುದಿಯಲ್ಲಿ ಬೇರೆ ಕೆಲಸವೇ ಇರಲಿಲ್ಲ, ಅರ್ಕಾವತಿಯೊಬ್ಬಳೇ ಇದ್ದಳು.

ಅಷ್ಟರಲ್ಲಿ ಹಿಂದಿನ ಯಾರ್ಡಿಗೆ ಒಂದು ಲಾರಿ ಬಂತು. ಫಾಲ್ಸ್ ಸೀಲಿಂಗು ಎಂದಿನಂತೆ ಗಡಗಡ ಅಂದಿತು. ಪರದೆಯ ಮೇಲೆ ಸಾಲಾಗಿ ಮೌನ. ಲಾರಿ ನಿಂತಿತು, ಉತ್ತರಗಳು ಬಂದವು. ಡಿಸ್ಪ್ಯಾಚ್ ಹುಡುಗನೂ ನಾನೂ ಮುಖ ಮುಖ ನೋಡಿಕೊಂಡೆವು. ಅವನು ಸ್ಟೂಲು ಹತ್ತಿ ಸೀಲಿಂಗಿನ ಹಲಗೆ ಸರಿಸಿ, “ಸಾರ್, ಇಲ್ಲಿ ಸಂಸಾರಾನೇ ಇದೆ” ಎಂದ.

ಇಲಿಗಳು. ಮಂಡಿಯ ಕಾಳು ತಿಂದು ಬೆಳೆದ, ಬಾಯಿ ರುಚಿ ಬದಲಿಸಲು ನಮ್ಮಲ್ಲಿಗೆ ಬಂದ ಇಲಿಗಳು. ಕೇಬಲ್ಲಿನ ಹೊದಿಕೆ ಕಿತ್ತು, ಒಳಗಿನ ತಂತಿಗಳನ್ನು ಕಡಿದೂ ಕಡಿಯದಂತೆ ಬಿಟ್ಟಿದ್ದವು. ಕಟ್ಟಡ ಅಲುಗದಿದ್ದರೆ ತಾಮ್ರಕ್ಕೆ ತಾಮ್ರ ತಾಗಿಕೊಂಡಿರುತ್ತಿತ್ತು. ಈರುಳ್ಳಿ ಲಾರಿ ಬಂದರೆ ಬಿಟ್ಟುಹೋಗುತ್ತಿತ್ತು. ಬೆಳಿಗ್ಗೆಯೇ ಹೇಮಾವತಿ ಹೆಚ್ಚು ಕಾಣೆಯಾಗುತ್ತಿದ್ದುದಕ್ಕೆ, ಭಾನುವಾರ ಕೂತು ಪರೀಕ್ಷಿಸಿದವರಿಗೆಲ್ಲ ಸಿಗುತ್ತಿದ್ದುದಕ್ಕೆ ಕಾರಣ ಮಾರುಕಟ್ಟೆಗೆ ಬರುವ ಮಾಲು. ಮಹಾರಾಷ್ಟ್ರದಲ್ಲಿ ಈರುಳ್ಳಿ ಬೆಳೆ ಚೆನ್ನಾಗಿ ಬಂದರೆ ಯಶವಂತಪುರದಲ್ಲಿ ಬಿಲ್ಲು ಹರಿಯುವುದಿಲ್ಲ ಎಂದು ಯಾವ ಪಠ್ಯಪುಸ್ತಕದಲ್ಲಿ ಬರೆದಿದ್ದಾರೆ? ಮ್ಯಾನೇಜರಿಗೆ ವಿಷಯ ತಿಳಿಸಿದೆ. ಅವರು ಗಂಭೀರವಾಗಿ, “ಈರುಳ್ಳಿ ರೇಟ್ ಇಳಿದ ದಿನಾನೇ ಸಿಸ್ಟಂ ಕೈ ಕೊಡೋದು, ನಾನು ಗಮನಿಸಿದ್ದೆ” ಎಂದರು.

ಕೇಬಲ್ಲನ್ನು ಕಬ್ಬಿಣದ ಪೈಪಿನೊಳಗೆ ಎಳೆಸಿದೆವು. ನಾಲ್ಕು ಎಂಟನ್ನು ತೆಗೆದೆವು. ಹೋಸ್ಟ್ಸ್ ಫೈಲುಗಳ ಪಳೆಯುಳಿಕೆಗಳನ್ನು ಅಳಿಸಿದೆವು. ನೇತ್ರಾವತಿಯ ಸಾಲೊಂದನ್ನು ಅಳಿಸುವಾಗ ಸ್ಟೋರ್ಸಿನವರು, ಅದೇನು ಯಂತ್ರ ಸಾರ್, ಒಂದೇ ಒಂದು ಸಲ ಕೈ ಕೊಟ್ಟಿರಲಿಲ್ಲ ಎಂದು ನಿಟ್ಟುಸಿರಿಟ್ಟರು. ಅದರಲ್ಲಿ ಏನು ನಡೆಯುತ್ತಿತ್ತೆಂದು ಅವರಿಗೂ ಮರೆತಿತ್ತು. ಅರ್ಕಾವತಿಗೆ ವಯಸ್ಸಾಗಿದೆ, ಜೊತೆಗೊಬ್ಬರು ಬೇಕು ಎಂದು ಸಾಹೇಬರು ಹೇಳಿದ್ದರಿಂದ, ನಮ್ಮ ಮನೆಯೊಳಗಿನ ಹೆಸರುಗಳನ್ನೆಲ್ಲ ಬಲ್ಲ ಇನ್ನೊಂದು ಸಣ್ಣ ಯಂತ್ರವನ್ನು ಕಾವೇರಿಯ ರ್‍ಯಾಕ್‌ನಲ್ಲೇ ಇಟ್ಟೆವು. ಅದಕ್ಕೆ ಹೆಸರಿಡುವ ಚರ್ಚೆ ಮಧ್ಯಾಹ್ನವಿಡೀ ನಡೆಯಿತು. ಹುಡುಗನ ಪಕ್ಷ ‘ಬ್ಯಾಕಪ್’. ಮೇಡಂ ತಮ್ಮ ಊರಿನ ಶರಾವತಿ ಬಿಡುವುದಿಲ್ಲ ಎಂದರು. ಕೊನೆಗೆ ಅರ್ಕಾವತಿಗೆ ಬಂದು ಸೇರುವ ಸುವರ್ಣಮುಖಿಯ ಹೆಸರು ನಿಂತಿತು.

ಹೆಸರು ನಿಂತ ಮೇಲೆ ಹುಡುಗನಿಗೊಂದು ಸಂಶಯ ಹುಟ್ಟಿತು, ನನಗೆ ಅದುವರೆಗೆ ಹುಟ್ಟದ್ದು. ಹೆಸರು ಹೇಳುವ ಯಂತ್ರವನ್ನು ಹೆಸರಿನಿಂದ ಹುಡುಕುವ ಹಾಗಿಲ್ಲವಲ್ಲ. ಅದು ಎಲ್ಲಿದೆ ಎಂದು ಯಾರನ್ನು ಕೇಳುವುದು? ಅದಕ್ಕೇ ಕಾವೇರಿಯ ಫೈಲಿನಲ್ಲಿ ಅರ್ಕಾವತಿಯನ್ನೂ ಸುವರ್ಣಮುಖಿಯನ್ನೂ ಬರೀ ನಂಬರಾಗಿ ಬರೆಯಬೇಕು. ಅಂದಮೇಲೆ ಇವಕ್ಕೆ ಇಷ್ಟು ಚೆಂದದ ಹೆಸರೇಕೆ? ಸಾಹೇಬರಿಗೆ ಫೋನು ಮಾಡಿದೆ. ವ್ರತ ಮುರಿದು ಉತ್ತರ ಕೊಟ್ಟರು:

“ಕರೆಯೋಕಲ್ಲ ಕಣಯ್ಯ, ಬೈಯೋಕೆ. ನಂಬರನ್ನ ಎಷ್ಟೂ ಅಂತ ಬೈತೀಯಾ?”

ಫೋನಿಡುವ ಮೊದಲೇ ಆಚೆಯಿಂದ ಮೇಡಂ ದನಿ ಕೇಳಿಸಿತು. “ಸುವರ್ಣಮುಖಿ ಬಂದ ಗಳಿಗೆ ಸರಿ ಇಲ್ಲ ಸಾರ್, ಬಿಲ್ಲೇ ಬರ್ತಿಲ್ಲ!” ಹೋಗಿ ನೋಡಿದರೆ ವೃಷಭಾವತಿಯ ಹೊಟ್ಟೆಯಲ್ಲಿ ಪೇಪರು ಸಿಕ್ಕಿಕೊಂಡಿತ್ತು.